ಮೊದಲು ಎದುರಾಳಿಯ ಮಾತು: ಕ್ಲಾಸಿಕಲ್ ಕ್ರಿಶ್ಚಿಯನ್ ಶಾಲೆಗಳಲ್ಲಿ ಡಿಬೇಟ್ ಶುರು ಮಾಡುವ ಬಗೆ

ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೆ ವಾದ ಮಾಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಾತಿಗೆ ಎದುರುಮಾತು, ದೊಡ್ಡವರು ಹೇಳಿದ್ದರಲ್ಲಿ ಹುಳುಕು ಹುಡುಕುವುದು, ‘ನಿನ್ನೆ ಬೇರೆ ಥರ ಹೇಳಿದ್ರಲ್ಲ’ ಎಂದು ಸಿಕ್ಕಿಹಾಕಿಸುವುದು ಎಲ್ಲ ಆ ವಯಸ್ಸಿಗೆ ತಾನಾಗಿ ಬರುತ್ತದೆ. 1947ರಲ್ಲಿ ಇಂಗ್ಲಿಷ್ ಲೇಖಕಿ ಡೊರೊತಿ ಸೇಯರ್ಸ್ ಆಕ್ಸ್‌ಫರ್ಡ್‌ನಲ್ಲಿ ಶಿಕ್ಷಣದ ಬಗ್ಗೆ ಮಾಡಿದ ಭಾಷಣದಲ್ಲಿ ಇದೇ ಮಾತನ್ನು ತಮಾಷೆಯಾಗಿ ಹೇಳಿದ್ದರು: ಈ ವಯಸ್ಸಿನವರು ಹೇಗಿದ್ದರೂ ಸಹಿಸಲಾರದವರೇ, ಅವರ ವಾದದ ಚಪಲವನ್ನು ಒಳ್ಳೆಯ ಕಾಲುವೆಗಾದರೂ ತಿರುಗಿಸಬಾರದೇಕೆ? ಮಧ್ಯಯುಗದ ‘ಟ್ರಿವಿಯಂ’ ಎಂಬ ಮೂರು ಮೆಟ್ಟಿಲ ಪಾಠಕ್ರಮವನ್ನು, ಅಂದರೆ ವ್ಯಾಕರಣ, ತರ್ಕ ಮತ್ತು ವಾಗ್ಮಿತೆಯನ್ನು, ಅವರು ಮಗುವಿನ ಬೆಳವಣಿಗೆಯ ಮೂರು ಹಂತಗಳಿಗೆ ಹೊಂದಿಸಿ ತೋರಿಸಿದರು. 1981ರಲ್ಲಿ ಅಮೆರಿಕದ ಐಡಹೋ ರಾಜ್ಯದ ಮಾಸ್ಕೋ ಎಂಬ ಊರಿನಲ್ಲಿ ಶುರುವಾದ ಲೋಗೋಸ್ ಸ್ಕೂಲ್ ಆ ಭಾಷಣವನ್ನೇ ಪಠ್ಯಕ್ರಮವಾಗಿ ಹಿಡಿಯಿತು. ಇಂದು ಕ್ಲಾಸಿಕಲ್ ಕ್ರಿಶ್ಚಿಯನ್ ಶಾಲೆ ಎಂದು ಕರೆದುಕೊಳ್ಳುವ ಅಲ್ಲಿನ ಬಹುಪಾಲು ಶಾಲೆಗಳ ವೇಳಾಪಟ್ಟಿ ಇದೇ ಜಾಡಿನದು. ಆರನೆಯ ತರಗತಿವರೆಗೆ ಲ್ಯಾಟಿನ್ ವಿಭಕ್ತಿ, ಇತಿಹಾಸದ ಇಸವಿ, ಬೈಬಲ್ ವಚನ ಎಲ್ಲವೂ ಬಾಯಿಪಾಠ. ಏಳು ಎಂಟರಲ್ಲಿ ತರ್ಕಶಾಸ್ತ್ರ. ಒಂಬತ್ತರಿಂದ ಹನ್ನೆರಡರವರೆಗೆ ವಾಗ್ಮಿತೆ.

ಡಿಬೇಟನ್ನು ಇದರಲ್ಲಿ ಎಲ್ಲಿ ಕೂರಿಸಬೇಕು ಎಂಬಲ್ಲಿಂದ ಎಡವಟ್ಟು ಶುರು. ಹನ್ನೊಂದನೇ ತರಗತಿಯವರೆಗೆ ಕಾಯುವ ಶಾಲೆಗಳಿವೆ. ಆ ಹೊತ್ತಿಗೆ ಮಕ್ಕಳಿಗೆ ಸಂಕೋಚ ಹತ್ತಿರುತ್ತದೆ, ಸೋಲು ಮಾನಾಪಮಾನದ ವಿಷಯವಾಗಿರುತ್ತದೆ. ಏಳನೆಯದರ ಮೊದಲ ವಾರದಲ್ಲೇ ಮಕ್ಕಳನ್ನು ವೇದಿಕೆಗೆ ಹತ್ತಿಸುವವರೂ ಇದ್ದಾರೆ. ಹೇಳಿಕೆಗೂ ಕಾರಣಕ್ಕೂ ವ್ಯತ್ಯಾಸ ಗೊತ್ತಿಲ್ಲದ ಮಕ್ಕಳು ಅಲ್ಲಿ ದನಿ ಏರಿಸುವುದನ್ನಷ್ಟೇ ಕಲಿಯುತ್ತಾರೆ. ಒಂದು ಒಂದೂವರೆ ವರ್ಷ ತರ್ಕ ಓದಿ, ಅನುಮಾನವಾಕ್ಯ (ಆಧಾರಗಳಿಂದ ತೀರ್ಮಾನ ಹೊರಡಿಸುವ ಸಿಲಾಜಿಸಂ) ಕಟ್ಟಲು ಕೈ ಕುದುರಿದ ಮೇಲೆ, ಎಂಟನೆಯದರ ಎರಡನೇ ಅರ್ಧ ಸರಿಯಾದ ಕಾಲ.

ಇನ್ನೂ ದೊಡ್ಡ ತಪ್ಪು ಬೇರೆ. ಶುರುವಿನಲ್ಲೇ ಭಾಷಣ ಬರೆಸುವುದು. ಈ ಮಕ್ಕಳು ಆರು ವರ್ಷ ಒಪ್ಪಿಸುವುದರಲ್ಲೇ ಪಳಗಿದವರು. ಆರು ನಿಮಿಷದ ಭಾಷಣ ಬರೆದು ತನ್ನಿ ಎಂದರೆ ತರುತ್ತಾರೆ, ಚೆನ್ನಾಗಿ ಒಪ್ಪಿಸುತ್ತಾರೆ, ಕೂರುತ್ತಾರೆ. ಎದುರಿನವನೂ ತನ್ನದನ್ನು ಒಪ್ಪಿಸುತ್ತಾನೆ. ಎರಡೂ ಭಾಷಣಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ನಮ್ಮ ಶಾಲೆಗಳ ಚರ್ಚಾಸ್ಪರ್ಧೆ ನೋಡಿದವರಿಗೆ ಇದು ಹೊಸದಲ್ಲ: ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು, ಮೇಷ್ಟ್ರು ಬರೆದುಕೊಟ್ಟ ಮೂರು ನಿಮಿಷದ ಮಾತು, ಕೊನೆಗೆ ಪರ್ಯಾಯ ಪಾರಿತೋಷಕ. ಉತ್ತರ ಕೊಡುವ ಪ್ರಸಂಗವೇ ಬರುವುದಿಲ್ಲ.

ಹಾಗಾಗಿ ಮೊದಲ ಮೂರು ವಾರ ಭಾಷಣ ಬೇಡ. ಕೇಳಿ ಬರೆದುಕೊಳ್ಳುವುದು, ಕೇಳಿದ್ದನ್ನು ತಿರುಗಿ ಹೇಳುವುದು, ಇವೆರಡೇ ಸಾಕು.

ಬರೆದುಕೊಳ್ಳುವ ಹಾಳೆಗೆ ಅಮೆರಿಕದ ಡಿಬೇಟ್ ವಲಯದಲ್ಲಿ ‘ಫ್ಲೋ’ ಎನ್ನುತ್ತಾರೆ. ಎಂಟೂವರೆಗೆ ಹದಿನಾಲ್ಕು ಇಂಚಿನ ಲೀಗಲ್ ಕಾಗದವನ್ನು ಅಡ್ಡಲಾಗಿ ಇಟ್ಟು, ಎಷ್ಟು ಭಾಷಣಗಳಿವೆಯೋ ಅಷ್ಟು ಉದ್ದುದ್ದ ಅಂಕಣ ಗೆರೆ ಹೊಡೆಯಬೇಕು. ಪರದವರ ಮಾತಿಗೆ ಕಪ್ಪು ಪೆನ್ನು, ವಿರೋಧದವರದ್ದಕ್ಕೆ ಕೆಂಪು. ಒಂದು ಅಂಶಕ್ಕೂ ಇನ್ನೊಂದಕ್ಕೂ ನಡುವೆ ಎರಡು ಬೆರಳು ಜಾಗ ಬಿಡಬೇಕು, ಒಂದು ಅಂಶಕ್ಕೆ ಎದುರಾಳಿ ಮೂರು ಉತ್ತರ ಕೊಟ್ಟರೆ ಬರೆಯುವುದಕ್ಕೆ ಎಡೆಯಿರಲಿ ಎಂದು. ಉತ್ತರವನ್ನು ಆ ಅಂಶದ ಪಕ್ಕದ ಅಂಕಣದಲ್ಲೇ, ಅದೇ ಮಟ್ಟದಲ್ಲಿ ಬರೆದು ಬಾಣ ಎಳೆಯಬೇಕು. ಚರ್ಚೆ ಮುಗಿದಾಗ ಯಾವ ಅಂಶದ ಪಕ್ಕ ಖಾಲಿ ಉಳಿದಿದೆಯೋ ಅದಕ್ಕೆ ಉತ್ತರ ಸಿಕ್ಕಿಲ್ಲ ಎಂದರ್ಥ. ಡಿಬೇಟಿನಲ್ಲಿ ಉತ್ತರ ಸಿಗದ ಅಂಶವನ್ನು ಒಪ್ಪಿಕೊಂಡಂತೆ ಲೆಕ್ಕ.

ಹೇಳುವುದಕ್ಕೆ ಸುಲಭ. ಮಕ್ಕಳು ಮೊದಲು ಮಾಡುವ ತಪ್ಪು ಪೂರ್ತಿ ವಾಕ್ಯ ಬರೆಯುವುದು. ಒಂದನೇ ವಾಕ್ಯ ಮುಗಿಯುವಷ್ಟರಲ್ಲಿ ಮಾತನಾಡುವವನು ಮೂರನೇ ಅಂಶಕ್ಕೆ ಹೋಗಿರುತ್ತಾನೆ. ಒಂದು ಅಂಶಕ್ಕೆ ಐದು ಪದ ಮೀರಬಾರದು ಎಂಬ ಕಟ್ಟುನಿಟ್ಟು ಹಾಕಿದರೆ ಎರಡನೇ ವಾರಕ್ಕೆ ಸರಿಹೋಗುತ್ತದೆ. ಎರಡನೇ ತಪ್ಪು ಅದಕ್ಕಿಂತ ಕಷ್ಟದ್ದು: ಹೇಳಿಕೆಯನ್ನಷ್ಟೇ ಬರೆದು ಕಾರಣವನ್ನು ಬಿಡುವುದು. ಹಾಳೆಯಲ್ಲಿ ‘ಶಿಕ್ಷೆ ಬೇಕು’ ಎಂದಿರುತ್ತದೆ, ಯಾಕೆ ಬೇಕು ಎಂದಿರುವುದಿಲ್ಲ. ಆಗ ಉತ್ತರ ‘ಬೇಡ’ ಎಂದಷ್ಟೇ ಆಗುತ್ತದೆ. ಪ್ರತಿ ಅಂಶದ ಕೆಳಗೆ ‘ಯಾಕೆ’ ಎಂದು ಬರೆದು ಮುಂದೆ ಎರಡು ಪದವನ್ನಾದರೂ ತುಂಬಿಸಬೇಕು.

ಈ ಅಭ್ಯಾಸಕ್ಕೆ ಸಾಮಗ್ರಿಯನ್ನು ಹೊರಗಿನಿಂದ ತರಬೇಕಿಲ್ಲ. ಈ ಶಾಲೆಗಳು ಹೇಗೂ ಓದಿಸುವ, ಪ್ರಾಚೀನ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್‌ನ ಇತಿಹಾಸದಲ್ಲೇ ಇದೆ. ಕ್ರಿಸ್ತಪೂರ್ವ 427. ಅಥೆನ್ಸಿನ ವಿರುದ್ಧ ದಂಗೆಯೆದ್ದ ಮಿಟಿಲೀನಿ ನಗರ ಶರಣಾಗಿದೆ. ಅಲ್ಲಿನ ವಯಸ್ಕ ಗಂಡಸರನ್ನೆಲ್ಲ ಕೊಲ್ಲಬೇಕು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಬೇಕು ಎಂದು ಅಥೆನ್ಸಿನ ಸಭೆ ತೀರ್ಮಾನಿಸಿ ಹಡಗು ಕಳಿಸಿದೆ. ಮಾರನೇ ದಿನ ಮನಸ್ಸು ಕಲಕಿ ಮತ್ತೆ ಸಭೆ ಸೇರಿದೆ. ಕ್ಲಿಯಾನ್ ಎದ್ದು ತೀರ್ಮಾನ ಬದಲಾಗಕೂಡದು ಎನ್ನುತ್ತಾನೆ. ಡಯೊಡೊಟಸ್ ಬದಲಾಗಬೇಕು ಎನ್ನುತ್ತಾನೆ.

ಶಿಕ್ಷಕರು ಕ್ಲಿಯಾನನ ಭಾಷಣವನ್ನು ನಾಲ್ಕು ನಿಮಿಷಕ್ಕೆ ಇಳಿಸಿಕೊಂಡು ಗಟ್ಟಿಯಾಗಿ ಓದಲಿ. ಮಕ್ಕಳ ಮೊದಲ ಅಂಕಣದಲ್ಲಿ ಬರಬೇಕಾದದ್ದು ಸುಮಾರಾಗಿ ಇಷ್ಟು: ದಿನಕ್ಕೊಂದು ತೀರ್ಮಾನ ಮಾಡುವವರು ಸಾಮ್ರಾಜ್ಯ ಆಳಲಾರರು, ಅವರಿಗೆ ನಾವು ಬೇರೆಯವರಿಗಿಂತ ಹೆಚ್ಚು ಗೌರವ ಕೊಟ್ಟಿದ್ದೆವು, ಬೇಕೆಂದೇ ದ್ರೋಹ ಮಾಡಿದರು, ಆದ್ದರಿಂದ ಶಿಕ್ಷೆ ನ್ಯಾಯ, ತಪ್ಪು ಕೆಲವರದ್ದಲ್ಲ, ಎಲ್ಲರದ್ದು, ಇವರನ್ನು ಶಿಕ್ಷಿಸಿದರೆ ಉಳಿದ ಮಿತ್ರರಾಜ್ಯಗಳಿಗೆ ಪಾಠ. ಇಲ್ಲಿ ನಿಲ್ಲಿಸಿ. ಡಯೊಡೊಟಸ್ ಏನೆಂದ ಎಂದು ಹೇಳಬೇಡಿ. ಮೊದಲು ಒಬ್ಬ ವಿದ್ಯಾರ್ಥಿ ಎದ್ದು ತನ್ನ ಹಾಳೆ ನೋಡಿಕೊಂಡು ಕ್ಲಿಯಾನನ ವಾದವನ್ನು ಕ್ಲಿಯಾನನೇ ‘ಹೌದು, ಇದೇ ನನ್ನ ಮಾತು’ ಎನ್ನುವಂತೆ ಹೇಳಲಿ. ಉಳಿದವರು ತಮ್ಮ ಹಾಳೆ ನೋಡಿ ಬಿಟ್ಟುಹೋದದ್ದನ್ನು ತಿದ್ದಲಿ. ಶಾಸ್ತ್ರಗ್ರಂಥಗಳ ಪರಿಚಯವಿರುವ ಕನ್ನಡ ಓದುಗರಿಗೆ ಈ ಕ್ರಮ ಗೊತ್ತು. ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ನೆಟ್ಟಗೆ ನಿಲ್ಲಿಸದೆ ಸಿದ್ಧಾಂತಕ್ಕೆ ಬಾಯಿ ಹಾಕುವಂತಿಲ್ಲ. ಆಮೇಲೆ ಹತ್ತು ನಿಮಿಷ ಕೊಟ್ಟು ಎರಡನೇ ಅಂಕಣವನ್ನು ತಾವೇ ತುಂಬಲು ಹೇಳಿ.

ಬಹುತೇಕ ಎಲ್ಲ ಮಕ್ಕಳೂ ಬರೆಯುವುದು ಕರುಣೆಯ ಮಾತು: ಅಮಾಯಕರನ್ನು ಕೊಲ್ಲಬಾರದು, ಕ್ಷಮಿಸಬೇಕು. ಕ್ರಿಶ್ಚಿಯನ್ ಶಾಲೆಯ ಮಕ್ಕಳಿಂದ ಬೇರೇನನ್ನು ನಿರೀಕ್ಷಿಸಬೇಕು? ಈಗ ಡಯೊಡೊಟಸ್‌ನನ್ನು ಓದಿ. ಅವನು ಕರುಣೆಯನ್ನು ಆಧಾರ ಮಾಡಿಕೊಳ್ಳುವುದೇ ಇಲ್ಲ. ಅವರು ತಪ್ಪಿತಸ್ಥರು ಎಂದು ನಾನೇ ಸಾಧಿಸಿಕೊಟ್ಟರೂ, ಕೊಲ್ಲುವುದು ನಮಗೆ ಲಾಭವಲ್ಲದಿದ್ದರೆ ಕೊಲ್ಲಿ ಎನ್ನಲಾರೆ. ನಾವಿಲ್ಲಿ ನ್ಯಾಯಾಲಯದಲ್ಲಿ ಕೂತಿಲ್ಲ, ಮುಂದೇನು ಮಾಡಬೇಕು ಎಂದು ಆಲೋಚಿಸಲು ಕೂತಿದ್ದೇವೆ ಎನ್ನುತ್ತಾನೆ. ಕ್ಲಿಯಾನನ ‘ನ್ಯಾಯ’ ಎಂಬ ಅಂಶದ ಪಕ್ಕ ಹಾಳೆಯಲ್ಲಿ ಏನು ಬರೆಯಬೇಕು? ‘ನಿಜವಿರಬಹುದು, ಇಂದಿನ ಪ್ರಶ್ನೆ ಅದಲ್ಲ’ ಎಂದು. ‘ಉಳಿದವರಿಗೆ ಪಾಠ’ ಎಂಬುದರ ಪಕ್ಕ: ಆಸೆ ಹುಟ್ಟಿದವನನ್ನು ಮರಣದಂಡನೆಯೂ ತಡೆದದ್ದಿಲ್ಲ, ಬದಲಿಗೆ ಶರಣಾದರೂ ಸಾವೇ ಎಂದು ಗೊತ್ತಾದ ನಗರ ಕೊನೆಯವರೆಗೂ ಹೋರಾಡುತ್ತದೆ, ಕೊನೆಗೆ ನಮ್ಮ ಕೈಗೆ ಸಿಗುವುದು ಕಪ್ಪ ಕೊಡಲಾರದ ಹಾಳೂರು. ‘ಎಲ್ಲರದ್ದೂ ತಪ್ಪು’ ಎಂಬುದರ ಪಕ್ಕ: ಸಾಮಾನ್ಯ ಜನರ ಕೈಗೆ ಆಯುಧ ಬಂದಾಗ ಅವರೇ ಊರನ್ನು ನಮಗೊಪ್ಪಿಸಿದರು, ಅವರನ್ನು ಕೊಂದರೆ ಎಲ್ಲ ಊರುಗಳ ಜನಸಾಮಾನ್ಯರನ್ನೂ ಕಳೆದುಕೊಳ್ಳುತ್ತೇವೆ.

ಒಂದು ಅಂಶವನ್ನು ಸುಳ್ಳೆನ್ನುವುದು, ನಿಜವಾದರೂ ಅಪ್ರಸ್ತುತ ಎನ್ನುವುದು, ತಿರುಗಿಸಿ ಎದುರಾಳಿಯ ಮೇಲೇ ಬೀಳಿಸುವುದು, ಈ ಮೂರು ಬಗೆಯ ಉತ್ತರಗಳೂ ಒಂದೇ ಹಾಳೆಯಲ್ಲಿ ಕಣ್ಣೆದುರು ಬರುತ್ತವೆ. ಪಠ್ಯಪುಸ್ತಕದ ಯಾವ ವ್ಯಾಖ್ಯಾನವೂ ಇಷ್ಟು ಬೇಗ ಕಲಿಸದು. ಡಯೊಡೊಟಸ್ ಸ್ವಲ್ಪದರಲ್ಲಿ ಗೆದ್ದ, ಎರಡನೇ ಹಡಗು ಹಗಲೂ ರಾತ್ರಿ ಹುಟ್ಟುಹಾಕಿ ಹೊತ್ತಿಗೆ ಸರಿಯಾಗಿ ತಲುಪಿತು ಎಂಬುದನ್ನು ತರಗತಿಯ ಕೊನೆಗೆ ಹೇಳಿದರೆ ಮಕ್ಕಳು ಬಿಡುವ ನಿಟ್ಟುಸಿರು ಬೇರೆ. ಲಾಭದ ಲೆಕ್ಕದಿಂದ ಜೀವ ಉಳಿಸಿದ್ದು ಸರಿಯೇ ಎಂಬ ಜಗಳ ಊಟದ ಬಿಡುವಿನವರೆಗೂ ನಡೆಯುತ್ತದೆ, ನಡೆಯಲಿ.

ಖಂಡನೆಯ ಮಾತಿಗೆ ನಾಲ್ಕು ಹೆಜ್ಜೆಯ ಚೌಕಟ್ಟು ಹಳೆಯದು, ಚೆನ್ನಾಗಿಯೂ ನಡೆಯುತ್ತದೆ: ಅವರು ಹೀಗೆಂದರು, ನಾನು ಹೀಗೆನ್ನುತ್ತೇನೆ, ಯಾಕೆಂದರೆ, ಆದ್ದರಿಂದ. ಮಕ್ಕಳು ಕೈಬಿಡುವುದು ನಾಲ್ಕನೆಯದನ್ನು. ಉತ್ತರ ಕೊಟ್ಟು ಸುಮ್ಮನಾಗುತ್ತಾರೆ, ಆ ಉತ್ತರದಿಂದ ಚರ್ಚೆಯ ತಕ್ಕಡಿ ಎಷ್ಟು ವಾಲಿತು ಎಂದು ಹೇಳುವುದಿಲ್ಲ.

ಇನ್ನು ನಿಮಿಷಗಳ ಲೆಕ್ಕ. ಅಮೆರಿಕದ ಶಾಲಾ ಡಿಬೇಟಿನಲ್ಲಿ ಹಲವು ಮಾದರಿಗಳಿವೆ. ಇಬ್ಬಿಬ್ಬರ ತಂಡಗಳು ಸರ್ಕಾರಿ ನೀತಿಯ ಬಗ್ಗೆ ಸೆಣಸುವ ಪಾಲಿಸಿ ಡಿಬೇಟ್ ಹಳೆಯದು. ಅದರಲ್ಲಿ ಮಾತಿನ ವೇಗ ಎಷ್ಟಾಯಿತೆಂದರೆ ಪಳಗದ ಕಿವಿಗೆ ಅದು ಭಾಷೆಯೆಂದೇ ಗೊತ್ತಾಗದು. ಅದಕ್ಕೆ ಬೇಸತ್ತು, ಮೌಲ್ಯಗಳ ಬಗ್ಗೆ ಒಬ್ಬರಿಗೊಬ್ಬರು ವಾದಿಸುವ ಲಿಂಕನ್–ಡಗ್ಲಸ್ ಮಾದರಿಯನ್ನು 1980ರ ಹೊತ್ತಿಗೆ ರಾಷ್ಟ್ರಮಟ್ಟಕ್ಕೆ ತಂದರು. ಕೆಲವು ವರ್ಷಗಳಲ್ಲಿ ಅದಕ್ಕೂ ವೇಗದ ಚಾಳಿ ಹತ್ತಿತು, 2002ರಲ್ಲಿ ಪಬ್ಲಿಕ್ ಫೋರಂ ಎಂಬ ಇನ್ನೊಂದು ಮಾದರಿ ಬಂತು. ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಈ ಹೆಸರುಗಳು ಮನೆಯಲ್ಲಿ ಕೇಳಿರುತ್ತವೆ. ಕ್ಲಾಸಿಕಲ್ ಶಾಲೆಗೆ ಲಿಂಕನ್–ಡಗ್ಲಸ್ ಹೇಳಿಮಾಡಿಸಿದ್ದು. ಹೆಸರು 1858ರಲ್ಲಿ ಇಲಿನಾಯ್ ರಾಜ್ಯದಲ್ಲಿ ಸೆನೆಟ್ ಸ್ಥಾನಕ್ಕಾಗಿ ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಸ್ ನಡುವೆ ನಡೆದ ಏಳು ವಾಗ್ವಾದಗಳದ್ದು. ಅಲ್ಲಿ ಮೊದಲಿಗ ಒಂದು ಗಂಟೆ, ಎರಡನೆಯವ ಒಂದೂವರೆ ಗಂಟೆ, ಮತ್ತೆ ಮೊದಲಿಗ ಅರ್ಧ ಗಂಟೆ ಮಾತಾಡುತ್ತಿದ್ದರು. ಶಾಲೆಯ ಮಾದರಿಯಲ್ಲಿ ಪರದವನಿಗೆ 6 ನಿಮಿಷ, ಪಾಟೀಸವಾಲು 3, ವಿರೋಧದವನಿಗೆ 7, ಪಾಟೀಸವಾಲು 3, ಪರದ ಮೊದಲ ಖಂಡನೆ 4, ವಿರೋಧದ ಖಂಡನೆ 6, ಪರದ ಕೊನೆಯ ಮಾತು 3. ಕೂಡಿ ನೋಡಿದರೆ ಇಬ್ಬರಿಗೂ ಸರಿಯಾಗಿ ಹದಿಮೂರು ನಿಮಿಷದ ಭಾಷಣ. ತಯಾರಿಗೆ ತಲಾ 4 ನಿಮಿಷ ಸೇರಿಸಿದರೆ ಒಟ್ಟು 40 ನಿಮಿಷ, ಒಂದು ಪಿರಿಯಡ್ಡಿಗೆ ಕೂರುತ್ತದೆ.

ಆದರೆ ಎಂಟನೇ ತರಗತಿಯ ಹುಡುಗ ಆರು ನಿಮಿಷ ತುಂಬಲಾರ. ತುಂಬಿದರೆ ಅದರಲ್ಲಿ ಮೂರು ನಿಮಿಷ ನೀರು. ಅವರಿಗೆ 3, 2, 4, 2, 2, 3, 2 ಎಂದು ಇಳಿಸಿಕೊಳ್ಳಿ. ತಲಾ ಏಳು ನಿಮಿಷ ಮಾತು, ಎರಡು ನಿಮಿಷ ತಯಾರಿ, ಒಟ್ಟು 22 ನಿಮಿಷ; ಬಿಗಿಯಾಗಿ ನಡೆಸಿದರೆ ಒಂದು ಪಿರಿಯಡ್ಡಿನಲ್ಲಿ ಎರಡು ಸುತ್ತು. ಮಾತನಾಡದವರೆಲ್ಲ ಹಾಳೆ ತುಂಬಲೇಬೇಕು, ಅದಕ್ಕೇ ಅಂಕ. ಎರಡೂ ಮಾದರಿಗಳಲ್ಲಿ ಕಷ್ಟದ ಜಾಗ ಒಂದೇ: ಪರದವನ ಮೊದಲ ಖಂಡನೆ. ನಾಲ್ಕು ನಿಮಿಷದಲ್ಲಿ ಏಳು ನಿಮಿಷದ ಮಾತಿಗೆ ಉತ್ತರ ಕೊಡಬೇಕು, ತನ್ನ ವಾದವನ್ನೂ ಎತ್ತಿ ನಿಲ್ಲಿಸಬೇಕು. ಹೊಸಬರು ಮೊದಲ ಅಂಶಕ್ಕೇ ಮೂರು ನಿಮಿಷ ಸುರಿದು ಉಳಿದದ್ದನ್ನು ಬಿಟ್ಟುಕೊಡುತ್ತಾರೆ. ಈ ಒಂದು ಭಾಷಣವನ್ನೇ ಬಿಡಿಯಾಗಿ, ಒಂದೇ ಹಾಳೆಯ ಮೇಲೆ ನಾಲ್ಕೈದು ಸಲ ಆಡಿಸಬೇಕು.

ಪಾಟೀಸವಾಲಿನಲ್ಲಿ ಇಬ್ಬರೂ ಪಕ್ಕಪಕ್ಕ ನಿಂತು ತೀರ್ಪುಗಾರರ ಕಡೆ ನೋಡಬೇಕು, ಒಬ್ಬರ ಮುಖ ಒಬ್ಬರು ನೋಡಿದರೆ ಎರಡನೇ ಪ್ರಶ್ನೆಗೇ ಜಗಳ. ಕೇಳುವವನು ಕೇಳಲಿ, ವಾದಿಸದಿರಲಿ. ‘ಹಾಗಾದರೆ ನಿಮ್ಮ ವಾದ ಬಿದ್ದಂತಲ್ಲವೇ’ ಎಂಬ ಪ್ರಶ್ನೆಗೆ ಇವತ್ತಿನವರೆಗೆ ಯಾರೂ ಹೌದೆಂದಿಲ್ಲ. ಚಿಕ್ಕ ಪ್ರಶ್ನೆ, ಚಿಕ್ಕ ಉತ್ತರ, ಸಿಕ್ಕ ಒಪ್ಪಿಗೆಯನ್ನು ಹಾಳೆಯಲ್ಲಿ ಗುರುತು ಮಾಡಿ ಮುಂದಿನ ಭಾಷಣದಲ್ಲಿ ಬಳಸುವುದು. ಒಳ್ಳೆಯ ಒಪ್ಪಿಗೆ ಗಿಟ್ಟಿಸಿ ಆಮೇಲೆ ಮರೆತುಬಿಡುವ ಮಕ್ಕಳೇ ಹೆಚ್ಚು.

ಈಗ ಪೋಷಕರು ಎತ್ತುವ ಪ್ರಶ್ನೆಗೆ ಬರೋಣ: ಸತ್ಯ ಒಂದೇ ಎಂದು ಕಲಿಸುವ ಶಾಲೆ ಮಗುವಿಗೆ ಎರಡೂ ಕಡೆಯಿಂದ ವಾದಿಸಲು ಹೇಳುವುದು ಸರಿಯೇ? ಇದನ್ನು ಹಗುರಾಗಿ ತಳ್ಳಿಹಾಕುವ ತರಬೇತುದಾರರ ಬಗ್ಗೆ ನನಗೆ ಅಸಮಾಧಾನವಿದೆ. ಪ್ರಶ್ನೆ ಹೊಸದೂ ಅಲ್ಲ. 1954ರಲ್ಲಿ ಅಮೆರಿಕದ ಕಾಲೇಜು ಡಿಬೇಟಿನ ವಿಷಯ ಕಮ್ಯುನಿಸ್ಟ್ ಚೀನಾ ಸರ್ಕಾರಕ್ಕೆ ಮಾನ್ಯತೆ ಕೊಡಬೇಕೇ ಎಂಬುದಾಗಿತ್ತು. ಪರವಾಗಿ ಮಾತನಾಡುವುದೇ ತಪ್ಪೆಂದು ವೆಸ್ಟ್ ಪಾಯಿಂಟ್ ಮತ್ತು ಅನಾಪೊಲಿಸ್ ಸೇನಾ ಅಕಾಡೆಮಿಗಳು ತಮ್ಮ ವಿದ್ಯಾರ್ಥಿಗಳನ್ನು ಹಿಂದಕ್ಕೆ ಕರೆದುಕೊಂಡವು. ಕ್ಲಾಸಿಕಲ್ ಪರಂಪರೆ ಮಾತ್ರ ಈ ವಿಷಯದಲ್ಲಿ ಅಳುಕಿದ್ದಿಲ್ಲ. ನಾಲ್ಕನೇ ಶತಮಾನದ ಗ್ರೀಕ್ ವಾಗ್ಮಿತೆಯ ಶಿಕ್ಷಕ ಅಫ್ಥೋನಿಯಸ್ ಬರೆದ ಹದಿನಾಲ್ಕು ಪೂರ್ವಾಭ್ಯಾಸಗಳಲ್ಲಿ ಐದನೆಯದು ಖಂಡನೆ, ಆರನೆಯದು ಮಂಡನೆ, ಖಂಡನೆಯೇ ಮೊದಲು. ಗ್ರೀಕ್ ಪುರಾಣದಲ್ಲಿ ಅಪೊಲೊ ದೇವತೆ ಬೆನ್ನಟ್ಟಿದ ಡಾಫ್ನಿಯ ಕಥೆ ನಂಬತಕ್ಕದ್ದಲ್ಲ ಎಂದು ಒಂದು ಮಾದರಿ ಬರೆದು, ಅದೇ ಕಥೆ ನಂಬತಕ್ಕದ್ದು ಎಂದು ಮುಂದಿನ ಮಾದರಿ ಬರೆದಿದ್ದಾನೆ. ಹದಿಮೂರನೇ ಶತಮಾನದಲ್ಲಿ ಕ್ರೈಸ್ತ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವೈನಾಸ್, ದೇವರಿದ್ದಾನೆಯೇ ಎಂಬ ಪ್ರಶ್ನೆಯನ್ನೇ ಎತ್ತಿಕೊಂಡು, ಲೋಕದಲ್ಲಿ ಕೆಡುಕು ಇದೆಯಲ್ಲ ಎಂಬ ಆಕ್ಷೇಪವನ್ನು ಮೊದಲು ಬರೆದು ಆಮೇಲೆ ತನ್ನ ಉತ್ತರ ಬರೆದ. ಆಕ್ಷೇಪಗಳನ್ನಷ್ಟೇ ಓದಿಸಿ ಉತ್ತರವನ್ನು ಮುಚ್ಚಿಟ್ಟು, ಒಂದು ಪುಟದಲ್ಲಿ ಉತ್ತರ ಬರೆಯಿರಿ ಎನ್ನುವುದು ಹನ್ನೊಂದನೇ ತರಗತಿಗೆ ಒಳ್ಳೆಯ ಮನೆಪಾಠ.

ಆದರೂ ಗೊತ್ತುವಳಿ, ಅಂದರೆ ಚರ್ಚೆಗಿಡುವ ಹೇಳಿಕೆ, ಆರಿಸುವಾಗ ಎಚ್ಚರ ಬೇಕು. ಶಾಲೆಯ ನಂಬಿಕೆಯ ಘೋಷಣೆಯಲ್ಲಿ ಇರುವುದನ್ನು ಎಂಟನೇ ತರಗತಿಯ ಗೊತ್ತುವಳಿ ಮಾಡಬೇಡಿ. ಆ ವಯಸ್ಸಿನಲ್ಲಿ ಸೋತ ಮಗು ವಾದ ಸೋತೆ ಎಂದುಕೊಳ್ಳುವುದಿಲ್ಲ, ನಂಬಿಕೆ ಸೋತಿತು ಎಂದುಕೊಳ್ಳುತ್ತದೆ. ಬುದ್ಧಿವಂತರು ನಿಜವಾಗಿ ಎರಡು ಪಾಳಯವಾಗುವ ಪ್ರಶ್ನೆ ಬೇಕು. ಸೋಫೋಕ್ಲೀಸನ ಗ್ರೀಕ್ ನಾಟಕದಲ್ಲಿ ದೊರೆ ಕ್ರಿಯಾನನ ಆಜ್ಞೆ ಮೀರಿ ಅಣ್ಣನ ಶವಸಂಸ್ಕಾರ ಮಾಡಿದ ಆಂಟಿಗನಿ ಮಾಡಿದ್ದು ಸರಿ. ಸೀಸರನನ್ನು ಕೊಂದ ಬ್ರೂಟಸ್‌ಗೆ ಸಮರ್ಥನೆಯಿದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧ ನ್ಯಾಯವಾದದ್ದು. ಕೊನೆಯದು ಈ ಶಾಲೆಗಳಲ್ಲಿ ಕಿಡಿ ಹಾರಿಸುತ್ತದೆ, ಯಾಕೆಂದರೆ ಆಳುವವರಿಗೆ ಅಧೀನರಾಗಿರಿ ಎನ್ನುವ, ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ವಿರೋಧದವರ ಕೈಯಲ್ಲಿರುತ್ತದೆ, ದೇಶಪ್ರೇಮ ಪರದವರ ಕೈಯಲ್ಲಿ.

ಅಲ್ಲೇ ಇನ್ನೊಂದು ತೊಡಕು: ಬೈಬಲ್ ವಚನವನ್ನು ರಾಮಬಾಣದಂತೆ ಬಿಡುವುದು. ವಚನ ಹೇಳಿ ಕೂತುಬಿಟ್ಟರೆ ಎದುರಿನವನು ಬಾಯಿ ತೆರೆದದ್ದೇ ಅಧರ್ಮವೆಂಬಂತಾಗುತ್ತದೆ. ನಿಯಮ ಹೀಗಿರಲಿ: ವಚನದ ಅಧಿಕಾರ ಇಬ್ಬರಿಗೂ ಒಪ್ಪಿಗೆ, ಅದು ಈ ಪ್ರಶ್ನೆಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಮಾತ್ರ ತಂದವನೇ ತೋರಿಸಬೇಕು, ಎದುರಾಳಿ ಆ ಅನ್ವಯವನ್ನು ಪ್ರಶ್ನಿಸಬಹುದು. ಹೊರಗಿನ ಪಂದ್ಯಕ್ಕೆ ಹೋದಾಗ ತೀರ್ಪುಗಾರರಿಗೆ ಆ ಅಧಿಕಾರವೇ ಒಪ್ಪಿಗೆ ಇರಲಿಕ್ಕಿಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯವನ್ನು ಆಗ ತೆರೆಯಬೇಕು. ಥೆಸಲೋನಿಕದ ಸಭಾಮಂದಿರದಲ್ಲಿ ಪೌಲನು ಶಾಸ್ತ್ರಗಳನ್ನು ಹಿಡಿದು ವಾದಿಸುತ್ತಾನೆ. ಅದೇ ಅಧ್ಯಾಯದ ಕೊನೆಗೆ, ಅಥೆನ್ಸಿನ ಅರಿಯೋಪಾಗ ಎಂಬ ಸಭಾಸ್ಥಳದಲ್ಲಿ, ಅವನ ಬಾಯಲ್ಲಿ ಬರುವುದು ಗ್ರೀಕ್ ಕವಿಗಳ ಸಾಲು.

ತರ್ಕದ ತರಗತಿ ತಂದಿಡುವ ಪೀಡೆ ಒಂದಿದೆ, ಹೇತ್ವಾಭಾಸಗಳ, ಅಂದರೆ ತಪ್ಪು ತರ್ಕಗಳ, ಲ್ಯಾಟಿನ್ ಹೆಸರುಗಳು. ‘ಆಡ್ ಹಾಮಿನೆಮ್!’ (ವಾದ ಬಿಟ್ಟು ವ್ಯಕ್ತಿಯ ಮೇಲೆ ಬೀಳುವುದು) ಎಂದು ಕೂಗಿದರೆ ಕೆಲಸವಾಯಿತೆಂದು ಮಕ್ಕಳ ಎಣಿಕೆ. ಮೊದಲ ವರ್ಷ ಚರ್ಚೆಯಲ್ಲಿ ಈ ಹೆಸರುಗಳನ್ನು ನಿಷೇಧಿಸಿ. ಈ ಕಾರಣದಿಂದ ಆ ತೀರ್ಮಾನ ಯಾಕೆ ಹೊರಡುವುದಿಲ್ಲ ಎಂದು ಬಿಡಿಸಿ ಹೇಳಲಿ.

ತೀರ್ಪುಗಾರರಾಗಿ ಬರುವವರು ಸಾಮಾನ್ಯವಾಗಿ ಅಪ್ಪ ಅಮ್ಮಂದಿರೇ. ಅವರು ದನಿ, ನಿಲುವು, ಟೈ ನೋಡಿ ಅಂಕ ಹಾಕುತ್ತಾರೆ, ಇಲ್ಲವೇ ತಾವು ಮೊದಲೇ ನಂಬಿದ ಪಕ್ಷವನ್ನು ಗೆಲ್ಲಿಸುತ್ತಾರೆ. ಹತ್ತು ನಿಮಿಷದ ತರಬೇತಿ ಸಾಕು. ಅವರ ಕೈಗೂ ಫ್ಲೋ ಹಾಳೆ ಕೊಡಿ. ಸುತ್ತು ಶುರುವಾಗುವ ಮುನ್ನ ಗೊತ್ತುವಳಿಯ ಬಗ್ಗೆ ಸ್ವಂತ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಮಡಿಸಿ ಜೇಬಿಗಿಟ್ಟುಕೊಳ್ಳಲಿ. ವಾಗ್ಮಿತೆಗೆ ಬೇರೆ ಅಂಕ, ಗೆಲುವಿಗೆ ಬೇರೆ ಗೆರೆ. ಚೆನ್ನಾಗಿ ಮಾತನಾಡಿದವನೇ ಗೆಲ್ಲಬೇಕೆಂದಿಲ್ಲ. ಕೋಣೆಯಲ್ಲಿ ಯಾರೂ ಹೇಳದ ಕಾರಣಕ್ಕಾಗಿ ಯಾರನ್ನೂ ಗೆಲ್ಲಿಸುವಂತಿಲ್ಲ, ತಮಗೆ ಎಷ್ಟೇ ಚೆನ್ನಾಗಿ ಗೊತ್ತಿದ್ದರೂ. ತೀರ್ಪಿನ ಕಾರಣವನ್ನು ಎರಡು ವಾಕ್ಯದಲ್ಲಿ ಬರೆಯಬೇಕು, ಅದರಲ್ಲಿ ಹಾಳೆಯ ಮೇಲಿನ ಒಂದು ಅಂಶವಾದರೂ ಹೆಸರಿನ ಸಮೇತ ಇರಬೇಕು. ‘ಇಬ್ಬರೂ ಚೆನ್ನಾಗಿ ಮಾತಾಡಿದರು’ ಎಂದಷ್ಟೇ ಬರೆದ ಚೀಟಿಯನ್ನು ನಯವಾಗಿ ವಾಪಸ್ ಕೊಟ್ಟು ಮತ್ತೆ ಬರೆಸಿ.